ತಿಮಿಂಗಿಲದ ಪಾಲು, ಬಂಗಡೆಯ ಪಾಲು

ಇಂಡೋನೇಷ್ಯಾ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಬಾಲಿ. ಸುರಬಾಯಾದಲ್ಲಿ ನೌಕರಿ ಮಾಡುವ ನನಗೆ ಊರಿಂದ ಫೋನ್ ಬಂದರೆ ಮೊದಲ ಪ್ರಶ್ನೆಯೂ ಅದೇ, "ಬಾಲಿ ಎಷ್ಟು ದೂರ ಅಲ್ಲಿಂದ?" ಹದಿನೇಳು ಸಾವಿರ ದ್ವೀಪಗಳ ದೇಶ ಮಾರಾಯ್ರೇ ಇದು. ಬಾಲಿ ಬಿಟ್ಟು ಬೇರೆ ಊರಿನ ಸುದ್ದಿ ಹೇಳಿದರೆ ಯಾರಿಗೂ ಬೇಡ. ಹಾಗಿದ್ದರೂ ಒಂದು ಊರಿನ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗಿ ಬಂದದ್ದನ್ನು ಹೇಳಿದಾಗ ನಮ್ಮವರಿಂದ ಎರಡೇ ಬಗೆಯ ಮಾತು ಕೇಳಿದೆ, ಎರಡೂ ನನಗೆ ಸರಿ ಕಾಣಲಿಲ್ಲ.

ಊರಿನ ಹೆಸರು ಲಾಮಲೆರಾ. ಫ್ಲೋರೆಸ್ ದ್ವೀಪದ ಪೂರ್ವಕ್ಕಿರುವ ಲೆಂಬಾಟಾ ದ್ವೀಪದ ದಕ್ಷಿಣ ತುದಿ. ಫ್ಲೋರೆಸ್‌ನ ಲಾರಂತುಕಾದಿಂದ ದೋಣಿ ಹತ್ತಿ ಲೆವೊಲೆಬಾಕ್ಕೆ ಹೋಗಬೇಕು. ಅಲ್ಲಿಂದ ಗುಡ್ಡ ಹತ್ತಿ ಇಳಿಯುವ ರಸ್ತೆ, ಸೊಂಟದ ಕೀಲು ಸಡಿಲ ಆಗುವಂಥದ್ದು. ಊರಿನಲ್ಲಿ ಹೆಚ್ಚೆಂದರೆ ಎರಡು ಸಾವಿರ ಜನ. ಕಡಿದಾದ ಇಳಿಜಾರು, ಬರೀ ಕಲ್ಲು. ಬೆಳೆ ಅಂತ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ. ಎದುರಿಗೆ ಸಾವೂ ಸಮುದ್ರ, ದಡ ಬಿಟ್ಟು ಸ್ವಲ್ಪ ಹೋದರೆ ಸಾಕು, ತಳ ಕಾಣದಷ್ಟು ಆಳ. ಆ ಆಳದಲ್ಲಿ ಓಡಾಡುವ ಸ್ಪರ್ಮ್ ತಿಮಿಂಗಿಲವೇ ಊರಿನ ಅನ್ನ. ನಮ್ಮ ಪೇಪರಿನಲ್ಲಿ ಆಗಾಗ 'ತಿಮಿಂಗಿಲ ವಾಂತಿ ಸಾಗಿಸುತ್ತಿದ್ದವರ ಬಂಧನ' ಅಂತ ಬರುತ್ತದಲ್ಲ, ಆ ವಾಂತಿ ಇದೇ ಪ್ರಾಣಿಯದ್ದು.

ಬೇಟೆ ನಡೆಯುವುದು ಮೇ ತಿಂಗಳಿಂದ, ಚರ್ಚಿನ ಪೂಜೆ ಆದ ಮೇಲೆ. ಇವರು ಕ್ಯಾಥೊಲಿಕ್ಕರು, ಆದರೆ ಹಿರಿಯರ ಆತ್ಮಗಳನ್ನೂ ಬಿಟ್ಟಿಲ್ಲ. ಬೇರೆ ದಿನಗಳಲ್ಲೂ ದೂರದಲ್ಲಿ ನೀರು ಚಿಮ್ಮಿದ್ದು ಕಂಡರೆ "ಬಲೇಯೋ! ಬಲೇಯೋ!" ಅಂತ ಕೂಗು ಬೀಳುತ್ತದೆ, ಗಂಡಸರು ದಡಕ್ಕೆ ಓಡುತ್ತಾರೆ. ಮರದ ದೋಣಿ, ಕಬ್ಬಿಣದ ಮೊಳೆ ಇಲ್ಲ, ಮರದ್ದೇ ಗೂಟ. ಹಾಯಿ ತಾಳೆ ಜಾತಿಯ ಗರಿಯಿಂದ ಹೆಣೆದದ್ದು. ದೋಣಿಯ ಮೂತಿಯಲ್ಲಿ ಬಿದಿರಿನ ಅಟ್ಟಣೆ, ಅದರ ಮೇಲೆ ಈಟಿ ಹಿಡಿದು ನಿಂತವನಿಗೆ ಲಾಮಾಫಾ ಅನ್ನುತ್ತಾರೆ. ಅವನು ಈಟಿ ಎಸೆಯುವುದಿಲ್ಲ. ಈಟಿಯ ಜೊತೆ ತಾನೇ ಹಾರುತ್ತಾನೆ, ಮೈಭಾರವೆಲ್ಲ ಈಟಿಯ ಮೇಲೆ ಬೀಳಲಿ ಅಂತ. ಮನೆಯಲ್ಲಿ ಹೆಂಡತಿ ಜೊತೆ ಜಗಳ ಇದ್ದರೆ ಅವನು ಸಮುದ್ರಕ್ಕೆ ಇಳಿಯಬಾರದು ಅಂತ ನಂಬಿಕೆ. ಆ ಲೆಕ್ಕದಲ್ಲಿ ನಮ್ಮಲ್ಲಿ ಎಷ್ಟು ಜನ ಆಫೀಸಿಗೆ ಹೋಗುವ ಹಾಗಿದೆ?

ಇದಿಷ್ಟು ಹೇಳಿದರೆ ನಮ್ಮವರ ಮೊದಲ ಮಾತು, "ಅಯ್ಯೋ, ರಾಕ್ಷಸರು!" ಎರಡನೆಯದು, ಪಾಲು ಹಂಚುವ ಕಥೆ ಕೇಳಿದ ಮೇಲೆ ಬರುವುದು, "ಪಾಪ, ಎಷ್ಟು ಮುಗ್ಧ ಜನ!"

ಮೊದಲನೆಯದಕ್ಕೆ ಜಾಸ್ತಿ ಹೇಳುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ದೊಡ್ಡ ದೊಡ್ಡ ದೇಶಗಳ ಹಡಗುಗಳು ಕೊಂದ ಸ್ಪರ್ಮ್ ತಿಮಿಂಗಿಲಗಳ ಲೆಕ್ಕ ಲಕ್ಷಗಳಲ್ಲಿದೆ. ಲಾಮಲೆರಾದವರು ಹೊಡೆಯುವುದು ವರ್ಷಕ್ಕೆ ಸುಮಾರು 20, ಕೆಲವು ವರ್ಷ ಅದಕ್ಕಿಂತ ತೀರಾ ಕಡಿಮೆ. ತಮಾಷೆ ಏನೆಂದರೆ, 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ ನಾರ್ವೆಯ ಒಬ್ಬ ಬೇಟೆಗಾರನನ್ನು ಕಳಿಸಿ ಇವರಿಗೆ ಆಧುನಿಕ ಬೇಟೆ ಕಲಿಸಲು ಹೋಗಿತ್ತು. ಅದು ನಡೆಯಲಿಲ್ಲ. ಈಗ ಅದೇ ಹೊರಗಿನ ಜಗತ್ತು ಬಂದು ಬೇಟೆ ಬಿಡಿ ಅನ್ನುತ್ತಿದೆ.

ನನಗೆ ಸಿಟ್ಟು ಬರುವುದು ಎರಡನೇ ಮಾತಿಗೆ. ಮುಗ್ಧರಂತೆ!

ತಿಮಿಂಗಿಲ ದಡಕ್ಕೆ ಬಂದ ಮೇಲೆ ಕತ್ತಿ ಹಾಕುವುದು ಸುಮ್ನೆ ಅಲ್ಲ. ಮೈಮೇಲೆ ಯಾವ ಗೆರೆಯಿಂದ ಯಾವ ಗೆರೆ ತನಕ ಯಾರದ್ದು ಅಂತ ಮೊದಲೇ ಗೊತ್ತು. ಈಟಿ ಹಾಕಿದವನಿಗೆ ಒಂದು, ಹುಟ್ಟು ಹಾಕಿದವರಿಗೆ ಒಂದು. ದೋಣಿ ಒಬ್ಬನದ್ದಲ್ಲ, ಕುಲದ ಕೂಟದ್ದು, ಹಾಗಾಗಿ ಆ ದಿನ ಸಮುದ್ರಕ್ಕೆ ಹೋಗದ ಪಾಲುದಾರನಿಗೂ ಇದೆ. ದೋಣಿ ಕಟ್ಟಿದ ಬಡಗಿಗೆ, ಈಟಿಯ ಮೊನೆ ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವರಿಗೆ ಇದೆ. ನೆಲದ ಮೂಲ ಒಡೆಯರು ಅನಿಸಿಕೊಂಡ ಕುಲಕ್ಕೂ ಇದೆ. ಅವರಿಂದ ನೆಂಟರಿಗೆ, ವಿಧವೆಯರಿಗೆ ಹೋಗುತ್ತದೆ. ಇದು ಮುಗ್ಧತೆಯೇ? ಚಾರ್ಟರ್ಡ್ ಅಕೌಂಟೆಂಟ್ ಕೂಡ ತಲೆ ಕೆರೆದುಕೊಳ್ಳುವಂಥ ಲೆಕ್ಕ ಇದು. ಬರೆದಿಟ್ಟಿಲ್ಲ, ಅಷ್ಟೇ.

ಪ್ರತಿ ಮನೆಯ ಮುಂದೆ ಬಿದಿರಿನ ಗಳುಗಳ ಮೇಲೆ ಮಾಂಸದ ಉದ್ದುದ್ದ ಪಟ್ಟಿಗಳು ಒಣಗುತ್ತವೆ. ಅವುಗಳಿಂದ ತೊಟ್ಟಿಕ್ಕುವ ಎಣ್ಣೆಗೆ ಸೀಳಿದ ಬಿದಿರನ್ನು ಕೆಳಗೆ ಒಡ್ಡಿರುತ್ತಾರೆ, ಒಂದು ಹನಿಯೂ ಮಣ್ಣಿಗೆ ಬೀಳಬಾರದು. ವಾಸನೆ ಬಗ್ಗೆ ಕೇಳಬೇಡಿ. ಒಣಮೀನಿನ ಗಾಳಿ ಕುಡಿದೇ ಬೆಳೆದ ಕುಮಟಾ ಕಡೆಯವನು ನಾನು, ನನಗೇ ಮೂಗು ಮುಚ್ಚುವ ಹಾಗಾಯಿತು. ಒಣಗಿದ್ದನ್ನು ಹೆಂಗಸರು ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ಶನಿವಾರ ವುಲಾಂಡೋನಿ ಸಂತೆಗೆ ಒಯ್ಯುತ್ತಾರೆ. ಗುಡ್ಡದ ಮೇಲಿನವರು ಮೆಕ್ಕೆಜೋಳ, ಬಾಳೆಕಾಯಿ, ಗೆಣಸು ತರುತ್ತಾರೆ. ಮೊದಲು ಸಂತೆ ತೆರಿಗೆ ವಸೂಲಿ, ಅದೂ ಸಾಮಾನಿನ ರೂಪದಲ್ಲೇ. ಆಮೇಲೆ ಮೇಸ್ತ್ರಿ ಸೀಟಿ ಊದುತ್ತಾನೆ. ಅಲ್ಲಿ ತನಕ ಯಾರೂ ಕೈ ಚಾಚುವ ಹಾಗಿಲ್ಲ. ಊದಿದ ಮೇಲೆ ಒಂದು ಪಟ್ಟಿ ಮಾಂಸಕ್ಕೆ ಹನ್ನೆರಡು ಜೋಳದ ತೆನೆ, ಇಲ್ಲವೇ ಹನ್ನೆರಡು ಬಾಳೆಕಾಯಿ. ತೆನೆ ಸಣ್ಣದಿದ್ದರೆ ಹೆಂಗಸರು ಮುಖ ತಿರುಗಿಸಿ ಮುಂದೆ ಹೋಗುತ್ತಾರೆ. ನಮ್ಮೂರ ಮೀನು ಪೇಟೆಯ ಅಕ್ಕಂದಿರಿಗಿಂತ ಏನೂ ಕಡಿಮೆ ಇಲ್ಲ.

1990ರ ದಶಕದ ಕೊನೆಗೆ ಮೈಕೆಲ್ ಆಲ್ವಾರ್ಡ್ ಎಂಬ ಮಾನವಶಾಸ್ತ್ರಜ್ಞರು ಇಲ್ಲಿ ಒಂದು ಆಟ ಆಡಿಸಿದ್ದರು. ಒಬ್ಬನ ಕೈಗೆ ಗಂಟು ಕೊಟ್ಟು, ಇನ್ನೊಬ್ಬನಿಗೆ ಎಷ್ಟು ಕೊಡುತ್ತೀಯ ಅಂತ ಕೇಳುವುದು. ಇನ್ನೊಬ್ಬ ಒಪ್ಪದಿದ್ದರೆ ಇಬ್ಬರಿಗೂ ಏನೂ ಇಲ್ಲ. ಜಗತ್ತಿನ 15 ಸಣ್ಣ ಸಮಾಜಗಳಲ್ಲಿ ಇದೇ ಆಟ ನಡೆದಿತ್ತು. ಪೆರುವಿನ ಕಾಡಿನ ಮಚಿಗೆಂಗಾ ಜನ ಸರಾಸರಿ ನೂರಕ್ಕೆ 26 ಕೊಟ್ಟರೆ, ಲಾಮಲೆರಾದವರು 58 ಕೊಟ್ಟರು. ಅರ್ಧಕ್ಕಿಂತ ಹೆಚ್ಚು! ಮಚಿಗೆಂಗಾದವರು ಕೆಟ್ಟವರೇನಲ್ಲ. ಅಲ್ಲಿ ಮನೆಮಂದಿ ತಮ್ಮಷ್ಟಕ್ಕೆ ದುಡಿದು ತಿನ್ನುತ್ತಾರೆ. ಇಲ್ಲಿ ಒಬ್ಬನಿಂದ ತಿಮಿಂಗಿಲ ಹೊಡೆಯಲು ಆಗುವುದಿಲ್ಲ. ಕೆಲಸ ಹೇಗೋ ಕೊಡುವ ಕೈಯೂ ಹಾಗೆ.

ಇದು ನಮಗೆ ಹೊಸದೇ? ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇತ್ತು. ತುಂಡು ತುಂಡು ಬಲೆ ಸೇರಿಸಿ ಮಾಡಿದ ಉದ್ದದ ಬಲೆ, ಎಳೆಯಲು ಹತ್ತಾರು ಜನ ಬೇಕು. ಬಂಗಡೆ, ತಾರ್ಲೆ ದಡಕ್ಕೆ ಬಿದ್ದ ಮೇಲೆ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಆಳಿಗೆ ಇಷ್ಟು. ಸುಮ್ಮನೆ ಬಂದು ಹಗ್ಗಕ್ಕೆ ಕೈ ಹಾಕಿದವನಿಗೂ ಸಾರಿಗಾಗುವಷ್ಟು ಮೀನು ಸಿಗುತ್ತಿತ್ತು ಅಂತ ಹಿರಿಯರು ಹೇಳುತ್ತಿದ್ದರು. 1970ರ ದಶಕದ ನಡುವೆ ಪರ್ಸೀನ್ ಬೋಟು, ಅಂದರೆ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆಯ ಎಂಜಿನ್ ಬೋಟು ಬಂದವು, ಮೀನು ದಡಕ್ಕೆ ಬರುವ ಮೊದಲೇ ಹಿಡಿದವು. ಗೋವಾದಲ್ಲಿ ರಂಪಣಿಯವರು ಬೀದಿಗಿಳಿದು ಹೋರಾಡಿದರು. ನಮ್ಮಲ್ಲಿ ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು ಕೈರಂಪಣಿ. ಇದನ್ನು ಹೇಳುವಾಗ "ಜನರಿಗೆ ಆಸೆ ಜಾಸ್ತಿ ಆಯ್ತು" ಅಂತ ತಲೆ ಆಡಿಸುವುದು ನಮ್ಮ ಚಾಳಿ. ಜನ ಅವರೇ, ಆಸೆಯೂ ಅಷ್ಟೇ. ಬದಲಾದದ್ದು ಬಲೆ ಯಾರದ್ದು ಅನ್ನುವುದು.

ಬಯಲುಸೀಮೆಯವರು ಆಯದ ಪದ್ಧತಿ ನೆನಪು ಮಾಡುತ್ತಾರೆ. ಕಣದಲ್ಲಿ ರಾಶಿ ಆದಾಗ ಕಮ್ಮಾರ, ಬಡಗಿ, ಕುಂಬಾರ, ಅಗಸ ಎಲ್ಲರಿಗೂ ಮೊರದಲ್ಲಿ ಅಳೆದು ಕೊಡುತ್ತಿದ್ದರಲ್ಲ, ಅದೂ ಹೀಗೇ ಅಲ್ವಾ ಅಂತ. ಹೊರಗಿಂದ ನೋಡಿದರೆ ಹೌದು. ಆದರೆ ಅಲ್ಲಿ ಯಾರು ಕಣದ ಒಳಗೆ ನಿಲ್ಲಬೇಕು, ಯಾರು ಹೊರಗೆ ಕಾಯಬೇಕು ಅನ್ನುವುದನ್ನು ಜಾತಿ ತೀರ್ಮಾನಿಸುತ್ತಿತ್ತು. ಅದು ಹೋದದ್ದಕ್ಕೆ ನನಗೆ ಬೇಜಾರಿಲ್ಲ.

ಲಾಮಲೆರಾಕ್ಕೂ ಈಗ ಎಂಜಿನ್ ಬಂದಿದೆ. ಮೋಟಾರು ದೋಣಿಗೆ ಅವರು 'ಜಾನ್ಸನ್' ಅನ್ನುತ್ತಾರೆ. ಸಣ್ಣ ಬೇಟೆಗೆ ಅದರಲ್ಲೇ ಹೋಗುತ್ತಾರೆ, ಆ ಪಾಲು ನಾಲ್ಕೈದು ಜನರಲ್ಲಿ ಮುಗಿಯುತ್ತದೆ. ದೊಡ್ಡ ತಿಮಿಂಗಿಲಕ್ಕೆ ಮಾತ್ರ ಜಾನ್ಸನ್ ಹಳೇ ದೋಣಿಯನ್ನು ಎಳೆದುಕೊಂಡು ಹೋಗಿ, ಹತ್ತಿರ ಬಿಟ್ಟು ಸರಿಯುತ್ತದೆ. ಮನೆಗೊಂದು ಜಾನ್ಸನ್ ಬಂದರೆ ಕೂಟದ ದೋಣಿಗೆ ಹುಟ್ಟು ಹಾಕುವವರು ಎಲ್ಲಿ ಸಿಗುತ್ತಾರೆ?

ಸ್ಪರ್ಮ್ ತಿಮಿಂಗಿಲ ಅಪಾಯದ ಪಟ್ಟಿಯಲ್ಲಿದೆ, ಮರಿ ಹಾಕುವುದೂ ನಿಧಾನ. ಬೇಟೆ ನಿಲ್ಲಲಿ ಅನ್ನುವವರ ಜೊತೆ ನನಗೆ ದೊಡ್ಡ ಜಗಳವಿಲ್ಲ. ಆದರೆ ಬೇಟೆಯ ಬದಲು ಏನು ಕೊಡುತ್ತೀರಿ, ಯಾರ ಹೆಸರಿಗೆ ಕೊಡುತ್ತೀರಿ ಅಂತ ಅವರನ್ನು ಕೇಳಲೇಬೇಕು. ಒಬ್ಬೊಬ್ಬರ ಹೆಸರಿಗೆ ಬೋಟು, ಎಂಜಿನ್, ಸಾಲ ಅಂತ ಹಂಚಿದರೆ ಕಮ್ಮಾರ, ಹಾಯಿ ಹೆಣೆಯುವವರು, ವಿಧವೆಯರು ಮೊದಲ ವರ್ಷವೇ ಲೆಕ್ಕದಿಂದ ಹೊರಗೆ. ಕೊಡುವುದಿದ್ದರೆ ದೋಣಿಯ ಕೂಟಕ್ಕೆ ಕೊಡಿ. ಹಂಚುವುದು ಅವರಿಗೆ ಗೊತ್ತಿದೆ.