ಮೊದಲು ಘೋಷಿಸಿದವರೇ ಗೆಲ್ಲುತ್ತಾರಾ? ಸತ್ಯಾಂಶ ನೋಡಿ

ಎದುರಾಳಿಗಿಂತ ಮೊದಲು ಹೊಸ ಗೇಮ್ ಘೋಷಿಸಿದ ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರ) ಕಂಪನಿಯೇ ಗೆಲ್ಲುತ್ತದೆ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಆ ಅರ್ಧ ಎಲ್ಲಿಂದ ಬಂತು ಅಂದ್ರೆ, ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲ್ 1999ರ ಸೆಪ್ಟೆಂಬರ್ 9ರಂದು ಅಮೆರಿಕದ ಅಂಗಡಿಗಳಿಗೆ ಬರುವ ಹೊತ್ತಿಗೆ ಎದುರಾಳಿ ಸೋನಿ ಆಗಲೇ ತನ್ನ ಮುಂದಿನ ಕನ್ಸೋಲ್ ಪ್ಲೇಸ್ಟೇಷನ್ 2ರ ಸುದ್ದಿ ಹೇಳಿಬಿಟ್ಟಿತ್ತು, ಎಷ್ಟೋ ಜನ ದುಡ್ಡು ಜೇಬಲ್ಲೇ ಇಟ್ಟುಕೊಂಡು ಕಾದರು. ಆದರೆ ಸೋನಿ ಘೋಷಿಸಿದ್ದು ಕನ್ಸೋಲ್, ಗೇಮ್ ಅಲ್ಲ. ಹಳೇ ಪ್ಲೇಸ್ಟೇಷನ್‌ಗೆ ಒಳ್ಳೇ ಹೆಸರೂ ಇತ್ತು.

ಗೇಮ್ ವಿಷಯ ಬೇರೆ. ನಿಂಟೆಂಡೊ 2017ರ ಜೂನ್‌ನಲ್ಲಿ 'ಮೆಟ್ರಾಯ್ಡ್ ಪ್ರೈಮ್ 4' ಘೋಷಿಸಿತು. ತೋರಿಸಿದ್ದು ಲೋಗೋ ಮಾತ್ರ! 2019ರ ಜನವರಿಯಲ್ಲಿ, ಕೆಲಸ ಅಂದುಕೊಂಡ ಮಟ್ಟಕ್ಕೆ ಬಂದಿಲ್ಲ, ಮತ್ತೆ ಮೊದಲಿಂದ ಶುರು ಮಾಡ್ತೀವಿ ಅಂತ ವಿಡಿಯೊ ಮಾಡಿ ಕ್ಷಮೆ ಕೇಳಬೇಕಾಯ್ತು. ಗೇಮ್ ಕೈಗೆ ಸಿಕ್ಕಿದ್ದು 2025ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ನಿಂಟೆಂಡೊದ ಕನ್ಸೋಲ್ ಸ್ವಿಚ್ 15 ಕೋಟಿಗೂ ಜಾಸ್ತಿ ಮಾರಾಟವಾಗಿತ್ತು, ಅಂದ್ರೆ ಅಷ್ಟೂ ಜನ ಆ ಲೋಗೋ ನೋಡಿಯೇ ಕೊಂಡಿದ್ದಲ್ಲ, ಅಲ್ವಾ?

ಇನ್ನು 'ಫಾಲ್‌ಔಟ್ 4' ಅನ್ನೋ ಗೇಮ್ ನೋಡಿ. 2015ರ ಜೂನ್‌ನಲ್ಲಿ ಘೋಷಣೆ, ನವೆಂಬರ್ 10ಕ್ಕೆ ಬಿಡುಗಡೆ. ಐದೇ ತಿಂಗಳು ಅಂತರ, ಆದರೂ ಭರ್ಜರಿ ಮಾರಾಟ.