ಟ್ಯಾಂಕು ಎಣಿಸುವವರ ನಡುವೆ

ನಿನ್ನೆ ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಒಂದು ಚರ್ಚೆ ನೋಡಿ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನಮ್ಮಲ್ಲಿ ಎಷ್ಟು ಟ್ಯಾಂಕು, ಪಾಕಿಸ್ತಾನದಲ್ಲಿ ಎಷ್ಟು ಎಂದು ಸಂತೆಯಲ್ಲಿ ಕುರಿ ಎಣಿಸುವಂತೆ ಎಣಿಸಿ, ಜಾಹೀರಾತಿನ ವಿರಾಮಕ್ಕೆ ಮೊದಲೇ ಯುದ್ಧ ಗೆದ್ದುಬಿಟ್ಟರು. ಆ ಟ್ಯಾಂಕುಗಳು ಎಲ್ಲಿ ನಿಂತಿವೆ, ಗಡಿ ಮುಟ್ಟಲು ಎಷ್ಟು ದಿನ ಬೇಕು ಎಂದು ಒಬ್ಬ ಮಹಾನುಭಾವರೂ ಕೇಳಲಿಲ್ಲ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದಾಗ ನಮಗೆ ಟ್ಯಾಂಕಿನ ಬರವಿರಲಿಲ್ಲ. ಆದರೆ 1980ರ ದಶಕದಲ್ಲಿ ರೂಪುಗೊಂಡ, ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಸುಂದರ್‌ಜಿಯವರ ಹೆಸರಿನಲ್ಲೇ ಗುರುತಿಸುವ ಯುದ್ಧ ಸಿದ್ಧಾಂತದ ಪ್ರಕಾರ ಗಡಿ ಕಾಯುವ ಪಡೆ ಬೇರೆ, ಒಳನುಗ್ಗಿ ಹೊಡೆಯುವ ಪಡೆ ಬೇರೆಯಾಗಿತ್ತು. ಹೊಡೆಯಬೇಕಾದ ಮೂರು ಸ್ಟ್ರೈಕ್ ಕೋರ್‌ಗಳ, ಅಂದರೆ ದೊಡ್ಡ ದಾಳಿ ಪಡೆಗಳ, ನೆಲೆ ಮಥುರಾ, ಅಂಬಾಲಾ ಮತ್ತು ಭೋಪಾಲ್. ಅವು ಗಡಿಗೆ ಬಂದು ಸಜ್ಜಾಗುವಷ್ಟರಲ್ಲಿ ಸುಮಾರು ಮೂರು ವಾರ ಕಳೆದವು, ಜನವರಿ 12ರಂದು ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಉಗ್ರರನ್ನು ಹತ್ತಿಕ್ಕುತ್ತೇವೆಂದು ಭಾಷಣವನ್ನೂ ಮಾಡಿದರು, ಸೇನೆ ಹತ್ತು ತಿಂಗಳು ಕಾದು ಅಕ್ಟೋಬರಿನಲ್ಲಿ ಮರಳಲಾರಂಭಿಸಿತು. ನಾನೇನೂ ಸಾಚಾ ಅಲ್ಲ: ಹಾಸ್ಟೆಲಿನ ಗೋಡೆಗೆ ಟಿ-72 ಟ್ಯಾಂಕಿನ ಚಿತ್ರ ಅಂಟಿಸಿಕೊಂಡು, ಎರಡೇ ದಿನದಲ್ಲಿ ಲಾಹೋರ್ ಎಂದು ಮಸಾಲೆ ದೋಸೆಯ ಪಂದ್ಯ ಕಟ್ಟಿ ಸೋತವನು.

ಆ ಪಾಠದಿಂದ ಹುಟ್ಟಿದ್ದು 2004ರ ಕೋಲ್ಡ್ ಸ್ಟಾರ್ಟ್ ಎಂಬ ಹೊಸ ಯುದ್ಧ ಸಿದ್ಧಾಂತ. ಚಿಕ್ಕ ತಂಡಗಳು ಕೆಲವೇ ದಿನಗಳಲ್ಲಿ ಹೊರಡಬೇಕೆಂಬುದು ಅದರ ತಿರುಳು. ಅಂಥದ್ದೊಂದು ಇದೆ ಎಂದು ಸೇನಾ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಮಾತ್ರ 2017ರಲ್ಲಿ.

‘ಆಯುಧವೇ ಇಲ್ಲದಿದ್ದರೆ ಸಿದ್ಧಾಂತ ಕಟ್ಟಿಕೊಂಡು ಏನು ಮಾಡುತ್ತೀರಿ, 1962ರ ಚೀನಾ ಯುದ್ಧ ಮರೆತಿರಾ’ ಎಂದು ಕೆಳಗೆ ಬರೆಯಲು ಬೆರಳು ಮಸೆಯುತ್ತಿರುವವರು ಇದ್ದಾರೆಂದು ಬಲ್ಲೆ. ಮರೆತಿಲ್ಲ. ಚಳಿಗೆ ತಕ್ಕ ಬಟ್ಟೆಯೂ ಇಲ್ಲದೆ ನಮ್ಮ ಯೋಧರು ಹಳೆಯ .303 ಬಂದೂಕು ಹಿಡಿದು ನಿಂತಿದ್ದರು, ನಿಜ. ಆದರೆ ಅದೇ ಯುದ್ಧದಲ್ಲಿ, ಕೈಯಲ್ಲಿದ್ದ ಯುದ್ಧವಿಮಾನಗಳನ್ನು ದಾಳಿಗೆ ಬಳಸಲೇ ಇಲ್ಲವಲ್ಲ, ಅದನ್ನು ಯಾವ ಪಟ್ಟಿಯಲ್ಲಿ ಬರೆಯೋಣ?

ನನ್ನ ಸಿಟ್ಟು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ: ಇರುವ ಬಲವನ್ನು ಒಟ್ಟಿಗೆ ಬಳಸುವ ವ್ಯವಸ್ಥೆ ಎಲ್ಲಿ? ಕಾರ್ಗಿಲ್ ನಂತರ 2001ರಲ್ಲಿ ಮಂತ್ರಿಗಳ ಗುಂಪು ಶಿಫಾರಸು ಮಾಡಿದ, ಮೂರೂ ಪಡೆಗಳನ್ನು ಒಗ್ಗೂಡಿಸಬೇಕಾದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ತುಂಬಿದ್ದು 2020ರ ಜನವರಿಯಲ್ಲಿ. ಆ ಹುದ್ದೆಗೆ ಮೊದಲು ಬಂದ ಬಿಪಿನ್ ರಾವತ್ 2021ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಅದೇ ಕುರ್ಚಿ ಒಂಬತ್ತು ತಿಂಗಳು ಖಾಲಿ ಬಿದ್ದಿತ್ತು. ರಾವತ್ ಅಧಿಕಾರ ವಹಿಸಿಕೊಂಡಾಗ ಮೂರೂ ಪಡೆಗಳಿಗೆ ಸೇರಿ ಹದಿನೇಳು ಪ್ರತ್ಯೇಕ ಕಮಾಂಡುಗಳು, ಅಂದರೆ ಪ್ರಾದೇಶಿಕ ವಿಭಾಗಗಳು ಮುಂತಾದವು, ಇದ್ದವು, ಪೂರ್ವ ದಿಕ್ಕನ್ನು ಕಾಯುವ ಭೂಸೇನೆಯ ಕಚೇರಿ ಕೋಲ್ಕತ್ತದಲ್ಲಿ, ವಾಯುಪಡೆಯದು ಶಿಲ್ಲಾಂಗಿನಲ್ಲಿ, ನೌಕಾಪಡೆಯದು ವಿಶಾಖಪಟ್ಟಣದಲ್ಲಿ. ನಿನ್ನೆ ಟ್ಯಾಂಕು ಎಣಿಸಿದವರು ಈ ಮೂರು ಊರುಗಳ ಹೆಸರನ್ನೇ ಎತ್ತಲಿಲ್ಲ.