ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದ ಮೇಲೂ ಹಳೆಯ ಕಾರ್ಬ್ಯುರೇಟರ್ ಉಳಿಯಬೇಕೇ?

ಕ್ಲಚ್ ಪೆಡಲ್ ಇದ್ದ ಹಳೆಯ ಅಮೆರಿಕನ್ ಕಾರಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಲು ಹೊರಟವರು ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಕ್ರಾಸ್‌ಮೆಂಬರಿನ ಜಾಗ, ಆಯಿಲ್ ಕೂಲರಿನ ಪೈಪು ಇವನ್ನೆಲ್ಲ ಮೊದಲೇ ಲೆಕ್ಕ ಹಾಕಿರುತ್ತಾರೆ. ಕಾರ್ಬ್ಯುರೇಟರಿನ ವಿಚಾರ ಬಹುಮಟ್ಟಿಗೆ ಕೊನೆಗೇ ಉಳಿಯುತ್ತದೆ. ಗೇರ್‌ಬಾಕ್ಸಿನಿಂದ ಹೊರಟ ಕೇಬಲ್ಲೋ ರಾಡೋ ಎಂಜಿನ್ನಿನ ಮೇಲೆ ಬಂದು, ಅದನ್ನು ಸಿಕ್ಕಿಸಲು ಥ್ರಾಟಲ್ಲಿನ (ಆಕ್ಸಿಲರೇಟರ್ ತುಳಿದಾಗ ತೆರೆದು ಎಂಜಿನ್ನಿಗೆ ಗಾಳಿ ಬಿಡುವ ಫಲಕದ) ಲಿವರಿನಲ್ಲಿ ಜಾಗವೇ ಇಲ್ಲವೆಂದು ತಿಳಿದಾಗ ಪ್ರಶ್ನೆ ಎದುರಾಗುತ್ತದೆ: ಇರುವ ಕಾರ್ಬ್ಯುರೇಟರನ್ನೇ ಹೊಸ ಗೇರ್‌ಬಾಕ್ಸಿಗೆ ಹೊಂದಿಸಿಕೊಳ್ಳಬೇಕೇ, ಇಲ್ಲವೇ ಅದನ್ನು ತೆಗೆದು ಬೇರೆ ವ್ಯವಸ್ಥೆಗೆ ಹೋಗಬೇಕೇ? ಎರಡೂ ಕಡೆ ಗಟ್ಟಿ ಕಾರಣಗಳಿವೆ. ಎರಡನ್ನೂ ಅವುಗಳ ಪೂರ್ಣ ಬಲದೊಂದಿಗೆ ಇಲ್ಲಿ ಮಂಡಿಸಿದ್ದೇನೆ.

ಪರ: ಹೊಂದಿಸಿ ಉಳಿಸಿಕೊಳ್ಳುವುದೇ ಸರಿ

ಕಾರ್ಬ್ಯುರೇಟರ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದಕ್ಕೊಂದು ಅಪರಿಚಿತವೆಂಬ ಭಾವನೆಯೇ ತಪ್ಪು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳೊಂದಿಗೆ ಹೈಡ್ರಾ-ಮ್ಯಾಟಿಕ್ ಬಂದಾಗಲೇ ಗೇರ್‌ಬಾಕ್ಸಿಗೆ ಎಂಜಿನ್ನಿನ ಹೊರೆಯನ್ನು ತಿಳಿಸುವ ಕೆಲಸ ಥ್ರಾಟಲ್ಲಿಗೆ ಕಟ್ಟಿದ ಲಿಂಕೇಜಿನ ಪಾಲಿಗೆ ಬಂದಿತ್ತು. ಅಲ್ಲಿಂದ ಹೆಚ್ಚುಕಡಿಮೆ ಅರ್ಧ ಶತಮಾನದ ಕಾಲ ಅಮೆರಿಕದ ರಸ್ತೆಗಳಲ್ಲಿ ಓಡಿದ ಆಟೋಮ್ಯಾಟಿಕ್ ಕಾರುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನವೇ. ಗಾಳಿಗೆ ಪೆಟ್ರೋಲ್ ಬೆರೆಸುವ ಈ ಸಾಧನಕ್ಕೆ ಹಿಂದೆ ಯಾವ ಗೇರ್‌ಬಾಕ್ಸ್ ಇದೆಯೆಂಬುದು ಬೇಕಾಗಿಲ್ಲ. ಅದರ ಜೆಟ್ಟುಗಳು, ವೆಂಚುರಿ, ಫ್ಲೋಟ್ ಇವೆಲ್ಲ ಎಂಜಿನ್ನಿನ ಗಾತ್ರಕ್ಕೂ ಉಸಿರಾಟಕ್ಕೂ ತಕ್ಕಂತೆ ಇರುತ್ತವೆ. ಆಟೋಮ್ಯಾಟಿಕ್ ಬಂದಾಗ ಬದಲಾಗುವುದು ಗೇರ್‌ಬಾಕ್ಸಿಗೆ ಹೋಗುವ ಸಂಕೇತ ಮತ್ತು ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಕಾರು ನಿಂತಿರುವಾಗ, ಎಂಜಿನ್ ಹೊರಬೇಕಾದ ಭಾರ. ಇವೆರಡನ್ನು ಸರಿಪಡಿಸಲು ಇಡೀ ಇಂಧನ ವ್ಯವಸ್ಥೆಯನ್ನೇ ಕಿತ್ತೆಸೆಯುವುದು ರೋಗಕ್ಕಿಂತ ದೊಡ್ಡ ಚಿಕಿತ್ಸೆ.

ಸಂಕೇತದ ವಿಷಯದಲ್ಲಿ ಎಲ್ಲ ಗೇರ್‌ಬಾಕ್ಸುಗಳೂ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜನರಲ್ ಮೋಟಾರ್ಸ್ 1964ರಲ್ಲಿ ತಂದ ಟರ್ಬೊ 400 ಕಾರ್ಬ್ಯುರೇಟರಿನ ಲಿವರನ್ನು ಎಳೆಯುವುದೇ ಇಲ್ಲ. ಅದರ ಬದಿಯಲ್ಲಿರುವ ಮಾಡ್ಯುಲೇಟರಿಗೆ ಇಂಟೇಕ್ ಮ್ಯಾನಿಫೋಲ್ಡಿನಿಂದ ಒಂದು ವ್ಯಾಕ್ಯೂಮ್ ಪೈಪು, ಅಂದರೆ ಎಂಜಿನ್ ಗಾಳಿ ಹೀರುವ ಎಳೆತವನ್ನು ಒಯ್ಯುವ ಪೈಪು, ಹೋದರೆ ಹೊರೆ ಎಷ್ಟಿದೆಯೆಂದು ಅದಕ್ಕೆ ತಿಳಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕೆಳಗಿನ ಗೇರಿಗೆ ಇಳಿಯಲು ಒಂದು ವಿದ್ಯುತ್ ಸ್ವಿಚ್ ಸಾಕು. 1969ರ ಟರ್ಬೊ 350ಯಲ್ಲೂ ಒತ್ತಡವನ್ನು ನಿರ್ಧರಿಸುವುದು ಮಾಡ್ಯುಲೇಟರೇ. ಅದರ ಕೇಬಲ್ ಇರುವುದು ಹೀಗೆ ಕೆಳಗಿನ ಗೇರಿಗೆ ಇಳಿಸುವ ಕಿಕ್‌ಡೌನಿಗೆ ಮಾತ್ರ. ಫೋರ್ಡಿನ ಸಿ4, ಸಿ6 ಗೇರ್‌ಬಾಕ್ಸುಗಳ ರಾಡ್ ಕೂಡ ಅದೇ ಬಗೆಯದು. ಇಂಥ ಗೇರ್‌ಬಾಕ್ಸ್ ಆರಿಸಿಕೊಂಡವರು ಹಾಲಿ, ಕಾರ್ಟರ್ ಅಥವಾ ರಾಚೆಸ್ಟರ್ ಕಂಪನಿಯ ಹಳೆಯ ಕಾರ್ಬ್ಯುರೇಟರನ್ನು ಬದಲಿಸಲು ನನಗೆ ಕಾರಣವೇ ಕಾಣುವುದಿಲ್ಲ. ವ್ಯಾಕ್ಯೂಮ್ ಪೈಪನ್ನು ಥ್ರಾಟಲ್ ಫಲಕದ ಕೆಳಗಿನ, ಅಂದರೆ ಮ್ಯಾನಿಫೋಲ್ಡಿನ ನೇರ ವ್ಯಾಕ್ಯೂಮ್ ಸಿಗುವ ಮೂತಿಗೇ ಹಾಕಬೇಕು ಎಂಬುದೊಂದು ನೆನಪಿದ್ದರೆ ಆಯಿತು. ಡಿಸ್ಟ್ರಿಬ್ಯೂಟರಿಗೆಂದು ಫಲಕದ ಮೇಲ್ಭಾಗದಲ್ಲಿ ಇಟ್ಟಿರುವ ಮೂತಿಗೆ ಹಾಕಿದರೆ ಐಡ್ಲಿಂಗಿನಲ್ಲಿ ಅಲ್ಲಿ ಎಳೆತವೇ ಇರುವುದಿಲ್ಲ. ಎಂಜಿನ್ ದುಡಿಯುತ್ತಿದೆ ಎಂದುಕೊಂಡು ಗೇರ್‌ಬಾಕ್ಸ್ ಒತ್ತಡ ಏರಿಸಿ ಜಗ್ಗುತ್ತದೆ.

ಕಷ್ಟದ್ದೆಂದು ಎಲ್ಲರೂ ಹೇಳುವುದು 1982ರಲ್ಲಿ ಬಂದ 700ಆರ್4 ಮತ್ತು ಅದಕ್ಕಿಂತ ಒಂದು ವರ್ಷ ಮೊದಲಿನ 200-4ಆರ್ ಗೇರ್‌ಬಾಕ್ಸುಗಳು. ಇವುಗಳ ಟಿವಿ ಕೇಬಲ್, ಅಂದರೆ ಥ್ರಾಟಲ್ ವಾಲ್ವಿನ ಕೇಬಲ್, ಥ್ರಾಟಲ್ ತೆರೆದಷ್ಟೂ ಎಳೆಯಲ್ಪಟ್ಟು ಒಳಗಿನ ಆಯಿಲ್ ಒತ್ತಡವನ್ನು ಏರಿಸುತ್ತದೆ. ಆದರೆ ಇಲ್ಲಿಯೂ ನಿಗೂಢವಾದದ್ದೇನೂ ಇಲ್ಲ. ಕೇಬಲ್ ಸಿಕ್ಕಿಸುವ ಪಿನ್ನು ಥ್ರಾಟಲ್ ಶಾಫ್ಟಿನ ನಡುಬಿಂದುವಿನಿಂದ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇರಬೇಕೆಂಬುದು ಅಳೆಯಬಹುದಾದ ಸಂಗತಿ. ಹಾಲಿ ಮತ್ತು ಎಡೆಲ್‌ಬ್ರಾಕ್ ಕಾರ್ಬ್ಯುರೇಟರುಗಳಿಗೆ ಈ ದೂರವನ್ನೂ ಕೋನವನ್ನೂ ಸರಿಗೊಳಿಸುವ ಲಿವರುಗಳು, ಅವಕ್ಕೆ ತಕ್ಕ ಕೇಬಲ್ ಬ್ರಾಕೆಟ್ಟುಗಳು ತಯಾರಾಗಿಯೇ ಸಿಗುತ್ತವೆ. ಅವನ್ನು ಜೋಡಿಸಿದ ಮೇಲೆ ಕೇಬಲ್ಲಿನ ತುದಿಯಲ್ಲಿರುವ ಗುಂಡಿಯನ್ನು ಒತ್ತಿ ಹಿಡಿದು, ಜಾರುಭಾಗವನ್ನು ಲಿವರಿನಿಂದ ದೂರಕ್ಕೆ ಪೂರ್ತಿ ಹಿಂದೆ ತಳ್ಳಿ, ಗುಂಡಿ ಬಿಟ್ಟು, ಥ್ರಾಟಲ್ಲನ್ನು ಕೊನೆಯವರೆಗೆ ತೆರೆದರೆ ಅದು ಟಿಕ್ಕು ಟಿಕ್ಕೆಂದು ಜಾರಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಈ ಕೆಲಸವನ್ನು ಕೈಯಿಂದ ಲಿವರ್ ತಿರುಗಿಸಿ ಮಾಡಬಾರದು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಥ್ರಾಟಲ್ ಫಲಕಗಳು ನಿಜಕ್ಕೂ ನೆಟ್ಟಗೆ ನಿಲ್ಲುತ್ತವೆಯೇ ಎಂದು ಮೇಲಿನಿಂದ ನೋಡಬೇಕು. ಪೆಡಲಿನ ಕೆಳಗಿನ ದಪ್ಪ ಮ್ಯಾಟ್ ಒಂದೇ ಸಾಕು, ಫಲಕಗಳು ಪೂರ್ತಿ ತೆರೆಯದಂತೆ ಮಾಡಲು.

ಐಡ್ಲಿಂಗಿನ ವಿಷಯವೂ ಹೀಗೆಯೇ ತಾಳ್ಮೆಯನ್ನಷ್ಟೇ ಬೇಡುತ್ತದೆ. ಕ್ಲಚ್ ಇದ್ದಾಗ ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ ಹೊರೆಯಿಲ್ಲದೆ ತಿರುಗುತ್ತಿತ್ತು. ಈಗ ಡ್ರೈವಿನಲ್ಲಿ ಬ್ರೇಕ್ ಹಿಡಿದು ನಿಂತಾಗಲೂ ಟಾರ್ಕ್ ಕನ್ವರ್ಟರಿನಲ್ಲಿ (ಕ್ಲಚ್ಚಿನ ಜಾಗದಲ್ಲಿ ಆಯಿಲ್ ಮೂಲಕ ಶಕ್ತಿ ದಾಟಿಸುವ ಭಾಗದಲ್ಲಿ) ಆಯಿಲ್ ಕಲಕುವ ಹೊರೆ ಅದರ ಮೇಲಿರುತ್ತದೆ. ಆದ್ದರಿಂದ ಐಡ್ಲಿಂಗನ್ನು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಟ್ಟೆ ಕೊಟ್ಟು, ಡ್ರೈವಿನಲ್ಲೇ ಹೊಂದಿಸಬೇಕು. ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದಾಗ ಎಂಜಿನ್ ಬಂದ್ ಬೀಳುತ್ತಿದ್ದರೆ ಡ್ಯಾಶ್‌ಪಾಟ್ ಹಾಕಬೇಕು. ಆಟೋಮ್ಯಾಟಿಕ್ ಕಾರುಗಳ ಕಾರ್ಬ್ಯುರೇಟರಿನ ಬದಿಯಲ್ಲಿ ಕಾಣುತ್ತಿದ್ದ ಆ ಪುಟ್ಟ ಡಬ್ಬಿಯ ಕೆಲಸವೇ ಥ್ರಾಟಲ್ಲನ್ನು ಕೊನೆಯ ಅಂಚಿನಲ್ಲಿ ನಿಧಾನವಾಗಿ ಮುಚ್ಚಿಸುವುದು. ಅದೇ ಕಾರ್ಬ್ಯುರೇಟರಿನ ಮ್ಯಾನ್ಯುವಲ್ ಮಾದರಿಗೆ ಅದು ಬಾರದಿದ್ದರೂ ಅನೇಕ ಬಾರಿ ಅದನ್ನು ಕೂರಿಸುವ ಜಾಗ ಇದ್ದೇ ಇರುತ್ತದೆ.

ಇನ್ನು ಹಳೆಯ ಕಾರನ್ನು ಅದರ ಮೂಲ ರೂಪದಲ್ಲಿ ಪ್ರೀತಿಸುವವರಿಗೆ ಇನ್ನೊಂದು ಕಾರಣವಿದೆ, ಅದನ್ನು ಹಗುರವಾಗಿ ಕಾಣಬಾರದು. ಲಿವರು, ಬ್ರಾಕೆಟ್ಟು, ಕೇಬಲ್ಲುಗಳನ್ನು ಎಂದಾದರೂ ಬಿಚ್ಚಿ ಕಾರನ್ನು ಮೊದಲಿದ್ದಂತೆ ಮಾಡಬಹುದು. ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಹಾಕಿದರೆ ಹೆಚ್ಚಿನ ಒತ್ತಡದ ವಿದ್ಯುತ್ ಪಂಪು, ಟ್ಯಾಂಕಿಗೆ ಮರಳುವ ಪೈಪು, ಆಮ್ಲಜನಕ ಸೆನ್ಸರಿಗೆಂದು ಎಗ್ಸಾಸ್ಟ್ ಪೈಪಿಗೆ ರಂಧ್ರ, ಹೊಸ ವೈರಿಂಗ್ ಹೀಗೆ ಒಂದರ ಹಿಂದೆ ಒಂದು ಬಂದು ಕಾರಿನ ಒಡಲನ್ನೇ ಮುಟ್ಟುತ್ತವೆ. ಕಾರ್ಬ್ಯುರೇಟರ್ ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ನೋಡಬಹುದೆಂಬ ಧೈರ್ಯವೂ ಒಂದು ಲಾಭವೇ.

ವಿರೋಧ: ಗೇರ್‌ಬಾಕ್ಸಿನ ಆಯುಸ್ಸನ್ನು ಒಂದು ಪಿನ್ನಿಗೆ ಒಪ್ಪಿಸಬಾರದು

ಪರವಾಗಿ ಹೇಳಿದ್ದರಲ್ಲಿ ಮಾಡ್ಯುಲೇಟರ್ ಇರುವ ಮೂರು ಗೇರಿನ ಪೆಟ್ಟಿಗೆಗಳ ಮಾತನ್ನು ಬಹುಮಟ್ಟಿಗೆ ಒಪ್ಪಬಹುದು. ಆದರೆ ಇಂದು ಈ ಬದಲಾವಣೆಗೆ ಕೈಹಾಕುವ ಹೆಚ್ಚಿನವರಿಗೆ ಬೇಕಾಗಿರುವುದು ಹೆದ್ದಾರಿಯಲ್ಲಿ ಎಂಜಿನ್ನನ್ನು ಕಡಿಮೆ ಸುತ್ತುಗಳಲ್ಲಿ ತಣ್ಣಗೆ ಓಡಿಸುವ ಓವರ್‌ಡ್ರೈವ್. 700ಆರ್4ರ ನಾಲ್ಕನೆಯ ಗೇರಿನ ಅನುಪಾತ 0.70, ಫೋರ್ಡ್ 1980ರಲ್ಲಿ ತಂದ ಎಒಡಿಯದು 0.67, ಆಸೆ ಹುಟ್ಟುವುದೇ ಅಲ್ಲಿ, ಅಪಾಯ ಇರುವುದೂ ಅಲ್ಲೇ. ಈ ಪೆಟ್ಟಿಗೆಗಳಲ್ಲಿ ಥ್ರಾಟಲ್ಲಿನ ಕೇಬಲ್ಲು ಅಥವಾ ರಾಡನ್ನು ಕಿಕ್‌ಡೌನ್ ಎಂದು ಕರೆಯುವುದರಿಂದಲೇ ಅನರ್ಥ ಶುರುವಾಗುತ್ತದೆ. ಗೇರ್ ಯಾವಾಗ ಬದಲಾಗಬೇಕೆಂಬುದರ ಜತೆಗೆ, ಒಳಗಿನ ಕ್ಲಚ್ ತಟ್ಟೆಗಳನ್ನು ಎಷ್ಟು ಬಲವಾಗಿ ಒತ್ತಿ ಹಿಡಿಯಬೇಕೆಂಬುದನ್ನೂ ಅದು ನಿರ್ಧರಿಸುತ್ತದೆ. ಕೇಬಲ್ ಸಡಿಲವಿದ್ದರೆ ಕಾರು ನಿಂತುಹೋಗುವುದಿಲ್ಲ, ಕೂಗಾಡುವುದೂ ಇಲ್ಲ. ಗೇರುಗಳು ಬೇಗ ಬೇಗ, ಬೆಣ್ಣೆಯ ಹಾಗೆ ಬದಲಾಗುತ್ತವೆ. ಓಡಿಸುವವರಿಗೆ ಹಿತವೆನಿಸುವ ಆ ನಯವೇ ತಟ್ಟೆಗಳು ಜಾರುತ್ತಿರುವ ಲಕ್ಷಣ. 700ಆರ್4ರಲ್ಲಿ ಮೂರು-ನಾಲ್ಕನೆಯ ಗೇರಿನ ಕ್ಲಚ್ ಮೊದಲು ಸುಡುತ್ತದೆ, ಮತ್ತು ಆಯಿಲ್ ಕಡ್ಡಿಯಲ್ಲಿ ಕಪ್ಪು ಬಣ್ಣವೂ ಸುಟ್ಟ ವಾಸನೆಯೂ ಕಾಣಿಸಿಕೊಳ್ಳುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಸರಿಯಾದ ಲಿವರು ಸಿಗುತ್ತದೆಯಲ್ಲ ಎಂಬ ಉತ್ತರ ಅರ್ಧ ಮಾತ್ರ ಸರಿ. ಕೇಬಲ್ಲನ್ನು ಎರಡು ತುದಿಗಳಲ್ಲಿ ಹೊಂದಿಸುವುದು ಸುಲಭ: ಥ್ರಾಟಲ್ ಮುಚ್ಚಿದಾಗ ಸಡಿಲವಿಲ್ಲ, ಪೂರ್ತಿ ತೆರೆದಾಗ ಕೊನೆಯವರೆಗೆ ಎಳೆದಿದೆ. ಆದರೆ ರಸ್ತೆಯಲ್ಲಿ ಕಾರು ಓಡುವುದು ಈ ಎರಡು ತುದಿಗಳಲ್ಲಿ ಅಲ್ಲ, ಅವುಗಳ ನಡುವೆ. ಲಿವರು ವೃತ್ತಾಕಾರದಲ್ಲಿ ತಿರುಗುವುದರಿಂದ ಪಿನ್ನಿನ ಆರಂಭದ ಕೋನ ಸ್ವಲ್ಪ ಬೇರೆಯಾದರೂ ಥ್ರಾಟಲ್ಲಿನ ಮೊದಲ ಕಾಲುಭಾಗದಲ್ಲಿ ಕೇಬಲ್ ಎಷ್ಟು ಚಲಿಸುತ್ತದೆಂಬುದು ಬದಲಾಗುತ್ತದೆ. ರಾಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರಿನ ಲಿವರಿಗೆಂದು ರೂಪಿಸಿದ ಗೇರ್‌ಬಾಕ್ಸಿಗೆ ಬೇರೆ ಲಿವರ್ ಕಟ್ಟಿದರೆ ಎರಡೂ ತುದಿಗಳ ಪರೀಕ್ಷೆಯಲ್ಲಿ ಪಾಸಾಗಿ, ಹಗುರ ಹೊರೆಯಲ್ಲಿ ದಿನವಿಡೀ ಕಡಿಮೆ ಒತ್ತಡದಲ್ಲೇ ಓಡುವ ಸಾಧ್ಯತೆ ಇದೆ. ಇದನ್ನು ಕಣ್ಣಿನಿಂದ ಕಾಣಲಾಗದು. ಫೋರ್ಡ್ ಎಒಡಿಯಲ್ಲಂತೂ ಕೇಬಲ್ಲಿನ ತುದಿಯ ಪುಟ್ಟ ಪ್ಲಾಸ್ಟಿಕ್ ಬುಷ್ ಪುಡಿಯಾಗಿ ಬಿದ್ದದ್ದರಿಂದಲೇ ಇಡೀ ಪೆಟ್ಟಿಗೆ ಹಾಳಾಗುವುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ.

ಹಾಗಾದರೆ ಕೇಬಲ್ಲಿಗೆ ಜಾಗವಿರುವ, ಎಂಬತ್ತರ ದಶಕದ ಕ್ವಾಡ್ರಾಜೆಟ್ಟನ್ನೇ ತಂದು ಹಾಕೋಣವೆಂದು ಹೊರಡುವವರಿದ್ದಾರೆ. ಆ ಕಾಲದ ಕಾರುಗಳ ಬಹಳಷ್ಟು ಕ್ವಾಡ್ರಾಜೆಟ್ಟುಗಳು ಕಂಪ್ಯೂಟರಿನ ಆಜ್ಞೆಯಂತೆ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಬದಲಿಸುವಂಥವು. ಆ ಕಂಪ್ಯೂಟರ್, ಅದರ ಸೆನ್ಸರುಗಳಿಲ್ಲದೆ ಅವು ಸರಿಯಾಗಿ ನಡೆಯುವುದಿಲ್ಲ. ಸರಳತೆಯನ್ನು ಹುಡುಕಿ ಹೊರಟವರು ಎರಡು ಕಾಲಗಳ ತೊಡಕನ್ನೂ ಒಟ್ಟಿಗೆ ಮನೆಗೆ ತಂದಂತಾಗುತ್ತದೆ.

ಐಡ್ಲಿಂಗಿಗೆ ತಾಳ್ಮೆ ಸಾಕೆಂಬ ಮಾತನ್ನೂ ಒಪ್ಪುವುದು ಕಷ್ಟ. ಡ್ರೈವಿನಲ್ಲಿ ಎಂಜಿನ್ ಕುಸಿಯುತ್ತಿದೆಯೆಂದು ಸ್ಕ್ರೂ ತಿರುಗಿಸಿ ಥ್ರಾಟಲ್ಲನ್ನು ತೆರೆಯುತ್ತಾ ಹೋದರೆ ಏನಾಗುತ್ತದೆಂಬುದನ್ನು ಕಾರ್ಬ್ಯುರೇಟರನ್ನು ಕಳಚಿ ಬುಡಮೇಲು ಮಾಡಿ ನೋಡಿದರೆ ತಿಳಿಯುತ್ತದೆ. ಥ್ರಾಟಲ್ ಫಲಕದ ಅಂಚಿನ ಬಳಿ, ಕಾರ್ಬ್ಯುರೇಟರಿನ ಒಳಗೋಡೆಯಲ್ಲಿ, ಒಂದು ಸಣ್ಣ ಸೀಳಿದೆ. ಐಡ್ಲಿಂಗಿನಲ್ಲಿ ಫಲಕದ ಕೆಳಗೆ ಅದರ ಅರ್ಧ ಮಿಲಿಮೀಟರಿನಷ್ಟು, ಚೌಕಾಕಾರದ ಚುಕ್ಕೆಯಂತೆ ಮಾತ್ರ ಕಾಣಬೇಕು. ಫಲಕ ಹೆಚ್ಚು ತೆರೆದು ಸೀಳು ಉದ್ದಕ್ಕೆ ಹೊರಬಂದರೆ ಪೆಟ್ರೋಲ್ ಅಲ್ಲಿಂದಲೇ ಹರಿಯುತ್ತದೆ, ಮಿಕ್ಸ್ಚರ್ ಸ್ಕ್ರೂಗಳನ್ನು ಎತ್ತ ತಿರುಗಿಸಿದರೂ ಎಂಜಿನ್ ಕೇಳುವುದಿಲ್ಲ, ಹೊರಡುವಾಗ ಒಂದು ಕ್ಷಣ ತಡವರಿಸುವ ಚಾಳಿ ಅಂಟಿಕೊಳ್ಳುತ್ತದೆ. ಎಂಜಿನ್ನಿಗೆ ಬಿರುಸಾದ ಕ್ಯಾಮ್ (ವಾಲ್ವುಗಳನ್ನು ತೆರೆಯುವ ಶಾಫ್ಟ್) ಹಾಕಿದ್ದರಂತೂ ಕಷ್ಟ ಇಮ್ಮಡಿ. ಮೂಲ ಸ್ಥಿತಿಯ ಒಳ್ಳೆಯ ಎಂಜಿನ್ ಐಡ್ಲಿಂಗಿನಲ್ಲಿ ಪಾದರಸದ 17ರಿಂದ 21 ಇಂಚುಗಳಷ್ಟು ವ್ಯಾಕ್ಯೂಮ್ ಕೊಡುತ್ತದೆ. ಅಂಥ ಕ್ಯಾಮ್ ಅದನ್ನು ಬಹಳ ಕೆಳಗಿಳಿಸುತ್ತದೆ, ಡ್ರೈವಿಗೆ ಹಾಕಿದಾಗ ಇನ್ನಷ್ಟು ಇಳಿಯುತ್ತದೆ. ಹಾಲಿಯ 65 ಎಂದು ಗುರುತಿರುವ ಪವರ್ ವಾಲ್ವ್ (ಹೊರೆ ಹೆಚ್ಚಿದಾಗ ಹೆಚ್ಚು ಪೆಟ್ರೋಲ್ ಬಿಡುವ ಭಾಗ) ವ್ಯಾಕ್ಯೂಮ್ 6.5 ಇಂಚಿಗೆ ಇಳಿದಾಗ ತೆರೆಯುವಂಥದ್ದು. ಡ್ರೈವಿನಲ್ಲಿ ನಿಂತಾಗಿನ ವ್ಯಾಕ್ಯೂಮ್ ಅದರ ಹತ್ತಿರಕ್ಕೆ ಬಂದರೆ ನಿಂತಲ್ಲೇ ಹೆಚ್ಚುವರಿ ಪೆಟ್ರೋಲ್ ಸುರಿಯತೊಡಗುತ್ತದೆ. ಮಾಡ್ಯುಲೇಟರ್ ಇರುವ ಪೆಟ್ಟಿಗೆಯೂ ಇಲ್ಲಿ ಪಾರಾಗುವುದಿಲ್ಲ, ಏಕೆಂದರೆ ಕಡಿಮೆ ವ್ಯಾಕ್ಯೂಮನ್ನು ಅದು ಭಾರಿ ಹೊರೆಯೆಂದೇ ಓದುತ್ತದೆ. ಅದರ ಒಳಗಿನ ಪೊರೆ ಹರಿದರೆ ಗೇರ್ ಆಯಿಲ್ಲನ್ನು ಎಂಜಿನ್ನೇ ಹೀರಿ ಬಿಳಿ ಹೊಗೆಯಾಗಿ ಉಗುಳುತ್ತದೆ.

ಚಳಿಯ ಬೆಳಗುಗಳಲ್ಲಿ ಚೋಕ್ ಎಂಜಿನ್ನಿನ ವೇಗವನ್ನು ಏರಿಸಿಟ್ಟ ಹೊತ್ತಿನಲ್ಲಿ ಡ್ರೈವಿಗೆ ಹಾಕಿದಾಗ ಕಾರು ಮುಂದಕ್ಕೆ ನೆಗೆಯುವುದು ಕೂಡ ಸಣ್ಣ ವಿಷಯವಲ್ಲ. ಕ್ಲಚ್ ಇದ್ದಾಗ ಕಾಲು ಆ ಹೊಡೆತವನ್ನು ತಡೆಯುತ್ತಿತ್ತು.

ಬದಲಿಯೆಂದರೆ ಕಾರ್ಬ್ಯುರೇಟರಿನ ಜಾಗದಲ್ಲಿ ಥ್ರಾಟಲ್ ಬಾಡಿ ಇಂಜೆಕ್ಷನ್ ಕೂರಿಸಿದರಾಯಿತು ಎಂದು ತಿಳಿಯುವುದು ಇನ್ನೊಂದು ಎಡವಟ್ಟು. ಅದರ ಐಡಲ್ ವಾಲ್ವ್ ಹೊರೆ ಬಿದ್ದ ಕೂಡಲೇ ಗಾಳಿ ಹೆಚ್ಚಿಸಿ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ, ಚಳಿಯಲ್ಲಿಯೂ ಹದವಾಗಿ ನಡೆಸುತ್ತದೆ, ನಿಜ. ಆದರೆ 700ಆರ್4ರ ಕೇಬಲ್ಲಿಗೆ ಅದರ ಲಿವರೂ ಒಂದು ಲಿವರೇ, ಅದೇ ಕೋನದ ಲೆಕ್ಕ ಅಲ್ಲಿಯೂ ಇದೆ. ಆದ್ದರಿಂದ ಕೇಬಲ್ಲಿನ ಪೆಟ್ಟಿಗೆಯನ್ನೇ ಬಿಟ್ಟು, 1993ರಿಂದ ಬಂದ 4ಎಲ್60-ಇ ಮುಂತಾದ, ಸೊಲೆನಾಯ್ಡುಗಳೆಂಬ ವಿದ್ಯುತ್ ವಾಲ್ವುಗಳಿಂದ ಒತ್ತಡ ನಿಯಂತ್ರಿಸುವ ಗೇರ್‌ಬಾಕ್ಸನ್ನು ಅದರದೇ ನಿಯಂತ್ರಕದೊಂದಿಗೆ ಆರಿಸುವುದು ಹೆಚ್ಚು ಯೋಗ್ಯ. ಅದಕ್ಕೆ ಥ್ರಾಟಲ್ಲಿನ ಸ್ಥಾನ ತಿಳಿಸುವ ಸೆನ್ಸರ್ ಬೇಕು. ಇಂಜೆಕ್ಷನ್ನಿನಲ್ಲಿ ಅದು ಮೊದಲೇ ಇರುತ್ತದೆ. ಯಾವ ಥ್ರಾಟಲ್ಲಿಗೆ ಎಷ್ಟು ಒತ್ತಡವೆಂಬುದನ್ನು ಪಿನ್ನಿನ ಕೋನಕ್ಕೆ ಬಿಡದೆ ಅಂಕಿಯಲ್ಲಿ ಬರೆದಿಡಬಹುದು, ತಪ್ಪಾದರೆ ತಿದ್ದಬಹುದು. ಟಾರ್ಕ್ ಕನ್ವರ್ಟರನ್ನು ಜಾರದಂತೆ ಬಿಗಿಯುವ ಲಾಕಪ್ ಕೂಡ ಅದೇ ನಿಯಂತ್ರಕದ ಹತೋಟಿಗೆ ಬರುವುದರಿಂದ, ಹೆದ್ದಾರಿಯಲ್ಲಿ ಲಾಕಪ್ ಇಲ್ಲದೆ ಓಡಿ ಆಯಿಲ್ ಕಾಯುವ ಇನ್ನೊಂದು ತೊಂದರೆಯೂ ತಪ್ಪುತ್ತದೆ.

ಕೇಬಲ್ಲಿನ ಪೆಟ್ಟಿಗೆಯನ್ನು ಆಗಲೇ ಕೊಂಡಾಗಿದೆ, ಕಾರ್ಬ್ಯುರೇಟರನ್ನೂ ಬಿಡುವುದಿಲ್ಲ ಎನ್ನುವವರು ಒಂದು ಕೆಲಸವನ್ನಾದರೂ ತಪ್ಪಿಸಬಾರದು. ಗೇರ್‌ಬಾಕ್ಸಿನ ಬದಿಯಲ್ಲಿರುವ ಪರೀಕ್ಷಾ ರಂಧ್ರಕ್ಕೆ ಒತ್ತಡದ ಗೇಜ್ ಕಟ್ಟಿ, ಅದರ ಪೈಪನ್ನು ಎಗ್ಸಾಸ್ಟಿಗೆ ತಾಗದಂತೆ ಒಳಗೆ ತಂದು, ಮುಳ್ಳು ಪಕ್ಕದಲ್ಲಿ ಕುಳಿತವರಿಗೆ ಕಾಣುವಂತೆ ಇಟ್ಟುಕೊಂಡೇ ಮೊದಲ ಬಾರಿ ರಸ್ತೆಗೆ ಇಳಿಯಬೇಕು. ಆಕ್ಸಿಲರೇಟರನ್ನು ಸ್ವಲ್ಪ ಸ್ವಲ್ಪವೇ ತುಳಿದಾಗ ಮುಳ್ಳು ಅದರೊಂದಿಗೇ ಏರಬೇಕು. ಕಾಲು ಇಳಿದರೂ ಮುಳ್ಳು ಏಳದಿದ್ದರೆ ಆ ಕ್ಷಣವೇ ಕಾರನ್ನು ಬದಿಗೆ ನಿಲ್ಲಿಸಿ, ಕೇಬಲ್ಲನ್ನು ಮತ್ತೆ ಹೊಂದಿಸುವವರೆಗೆ ಒಂದು ಮಾರು ದೂರವೂ ಓಡಿಸಬಾರದು.